ಥಾರಲ್ಲಿ ಲೇಹ್‌ಗೆ, ಯಾವ ದಾರಿ?

ಪ್ರಶ್ನೆ: ಸರ್, ನಮ್ದು ಫೋರ್ ಬೈ ಫೋರ್ ಡೀಸೆಲ್ ಥಾರ್ ಜೀಪು, ತೋಟದ ದಾರಿ, ಮಳೆಗಾಲದ ಕೆಸರು ಎಲ್ಲಾ ಓಡ್ಸಿ ಅಭ್ಯಾಸ ಇದೆ. ಜುಲೈನಲ್ಲಿ ಅಪ್ಪ ಅಮ್ಮನ್ನೂ ಕರ್ಕೊಂಡು ಲೇಹ್‌ಗೆ ಹೊರಟಿದೀವಿ. ಮನಾಲಿ ಮೇಲೆ ಹೋಗೋದಾ, ಶ್ರೀನಗರದ ಮೇಲಾ?
- ಓದುಗರೊಬ್ರು, ತೀರ್ಥಹಳ್ಳಿ

ಉತ್ತರ: ಹೋಗ್ತಾ ಶ್ರೀನಗರ, ಬರ್ತಾ ಮನಾಲಿ, ಇದ್ರಲ್ಲಿ ಎರಡು ಮಾತಿಲ್ಲ. ಕೆಸರಲ್ಲಿ ಗಾಡಿ ಹತ್ಸೋದು ನಿಮಗೆ ಯಾರೂ ಹೇಳ್ಕೊಡ್ಬೇಕಿಲ್ಲ, ಆದ್ರೆ ಅಲ್ಲಿ ಕಾಡೋದು ರಸ್ತೆಗಿಂತ ಎತ್ತರ. ಆಗುಂಬೆ ಘಾಟಿ ತುದೀಲಿ ನಿಂತ್ರೂ ನಾವು ಸಾವಿರ ಮೀಟರ್ ಒಳಗೇ ಇರ್ತೀವಿ, ಲೇಹ್ ಊರೇ ಸುಮಾರು 3,500 ಮೀಟರ್, ಅದಕ್ಕೆ ಮೊದ್ಲು ಮನಾಲಿ ದಾರೀಲಿ 5,300 ಮೀಟರ್ ಎತ್ತರದ ತಂಗ್ಲಂಗ್ ಲಾ (ಲಾ ಅಂದ್ರೆ ಬೆಟ್ಟ ದಾಟೋ ಘಾಟಿ) ಹತ್ಬೇಕು. ಶ್ರೀನಗರದ ಕಡೆಯಿಂದಾದ್ರೆ ಎಲ್ಲಕ್ಕಿಂತ ಎತ್ತರದ ಫೋಟು ಲಾನೇ 4,100ರ ಹತ್ರ, ನಡುವೆ ರಾತ್ರಿ ಕಾರ್ಗಿಲ್‌ನಲ್ಲಿ ಉಳ್ಕೊಂಡ್ರೆ ಮೈ ನಿಧಾನಕ್ಕೆ ಒಗ್ಗುತ್ತೆ.

ಹೊರಡೋ ಮುಂಚೆ ಅಪ್ಪ ಅಮ್ಮನ್ನ ಡಾಕ್ಟ್ರಿಗೆ ತೋರ್ಸಿ, ಬಿಪಿ, ಹಾರ್ಟ್ ಎರಡೂ. ಲೇಹ್ ಮುಟ್ಟಿದ ಮೇಲೆ ಎರಡು ದಿನ ಎಲ್ಲೂ ಸುತ್ಬೇಡಿ, ದಯವಿಟ್ಟು. ತಲೆನೋವು, ವಾಂತಿ ಜಾಸ್ತಿ ಆಗ್ತಿದ್ರೆ ಇನ್ನೂ ಮೇಲೆ ಹೋಗದೆ ಕೆಳಗಿಳೀರಿ, ಪ್ಲಾನ್ ಕೆಟ್ರೆ ಕೆಡ್ಲಿ.

ಗಾಡಿ ವಿಷ್ಯ, ಒಣ ಟಾರ್ ರೋಡಲ್ಲಿ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡೋ ಫೋರ್ ವೀಲ್ ಹಾಕ್ಬೇಡಿ, ತಿರುವಲ್ಲಿ ಗೇರುಗಳ ಮೇಲೆ ಒತ್ತಡ ಬೀಳುತ್ತೆ. ವಾಪಸ್ ಬರ್ತಾ ರಸ್ತೆಗೆ ಅಡ್ಡ ಹರಿಯೋ ಹಳ್ಳಗಳನ್ನ ಬೆಳಿಗ್ಗೆ ಬೇಗ ದಾಟಿ, ನಮ್ಮೂರ ಹಳ್ಳ ಮಳೆಗೆ ಏರಿದ್ರೆ ಅಲ್ಲಿದು ಬಿಸಿಲಿಗೆ ಏರುತ್ತೆ, ಹಿಮ ಕರಗಿ ಮಧ್ಯಾಹ್ನದ ಮೇಲೆ ನೀರು ಜೋರು.