ಚಳಿಗಾಲದ ರಾತ್ರಿ ಪುಟ್ಟ ಗ್ರೀನ್‌ಹೌಸಿನಲ್ಲಿ ಕರಿಬೇವನ್ನು ಬೆಚ್ಚಗಿಡುವುದು ಹೇಗೆ?
ಇಂಗ್ಲೆಂಡಿನ ನಿಮ್ಮ ಹಿತ್ತಲ ಗ್ರೀನ್‌ಹೌಸಿನಲ್ಲಿ ಕರಿಬೇವು ಚಳಿಗೆ ಎಲೆ ಉದುರಿಸುತ್ತಿದೆ ಅಂದಿದ್ದೀರಿ. ಮೊದಲು ಗಾಳಿ ನುಗ್ಗುವ ಸಂದುಗಳನ್ನು ಮುಚ್ಚಿ. ಗಾಜಿನ ಒಳಬದಿಗೆ ಬಬಲ್ ರ‍್ಯಾಪ್ ಅಂಟಿಸಿ. ಗುಳ್ಳೆಗಳೊಳಗೆ ನಿಂತ ಗಾಳಿ ಶಾಖವನ್ನು ಬೇಗ ಹೊರಗೆ ಬಿಡುವುದಿಲ್ಲ. ಕಪ್ಪು ಡ್ರಮ್ಮಿನಲ್ಲಿ ನೀರು ತುಂಬಿಟ್ಟರೆ ಹಗಲು ಹೀರಿದ ಬಿಸಿಯನ್ನು ರಾತ್ರಿ ನಿಧಾನವಾಗಿ ಬಿಡುತ್ತದೆ. ಆದರೆ ಡಿಸೆಂಬರಿನಲ್ಲಿ ಅಲ್ಲಿ ಬಿಸಿಲೇ ಕಡಿಮೆ ಅಲ್ವಾ? ಅದನ್ನೇ ನಂಬಿ ಕೂರಬೇಡಿ. ಗ್ರೀನ್‌ಹೌಸಿಗೆಂದೇ ಮಾಡಿದ, ಥರ್ಮೋಸ್ಟಾಟ್ (ಬಿಸಿ ನೋಡಿಕೊಂಡು ತಾನೇ ಆನ್-ಆಫ್ ಮಾಡುವ ಸಾಧನ) ಇರುವ ಕರೆಂಟ್ ಹೀಟರ್ ಇಡಿ. ಒಳಗೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯದಿರಲಿ. ಸೀಮೆಎಣ್ಣೆ ಹೀಟರ್ ಉರಿದಾಗ ನೀರಾವಿಯೂ ಬರುತ್ತದೆ, ಬೂಷ್ಟು ಜಾಸ್ತಿಯಾಗುತ್ತದೆ. ಸಂಜೆ ನೀರು ಹಾಕಬೇಡಿ. ನನ್ನನ್ನು ಕೇಳಿದರೆ, ಕರಿಬೇವಿನ ಕುಂಡವೊಂದನ್ನಾದರೂ ಮಾರ್ಚ್‌ವರೆಗೆ ಮನೆಯೊಳಗೆ, ಬೆಳಕಿರುವ ಕಿಟಕಿ ಪಕ್ಕ ಇಟ್ಟುಬಿಡಿ.