ರಾಯಭಾರಿಗೆ ರಣರಂಗ ಒಗ್ಗುತ್ತದೆಯೇ? ಮಧುಗಿರಿಯ ಲೇಖಕರಿಗೆ ಒಂದು ಪತ್ರ

ಮಾನ್ಯರೇ,

ನೀವು ಕಳಿಸಿದ ‘ಸೂಟುಬೂಟಿನವರು ಯುದ್ಧಭೂಮಿಗೆ ಬೇಡ’ ಲೇಖನ ಓದಿದೆ. ಈಗಿರುವ ರೂಪದಲ್ಲಿ ನಮ್ಮ ಮಾಸಪತ್ರಿಕೆಯಲ್ಲಿ ಹಾಕಲು ಬರುವುದಿಲ್ಲ. ಆದರೆ ‘ವಿಷಾದಪೂರ್ವಕ’ ಎಂದು ಒಂದು ಸಾಲು ಬರೆದು ಸುಮ್ಮನಾಗುವ ಬರಹವೂ ಇದಲ್ಲ. ತುಮಕೂರಿನಲ್ಲಿ ಕೂತು ಪತ್ರಿಕೆ ನಡೆಸುವ ನಮಗೆ ಕೊಬ್ಬರಿ ಬೆಲೆ, ಹೇಮಾವತಿ ನೀರಿನ ಬಗ್ಗೆ ಲೇಖನಗಳು ಬೇಕಾದಷ್ಟು ಬರುತ್ತವೆ. ಕಾಬೂಲಿನ ಬಗ್ಗೆ ಯೋಚಿಸುವವರು ಅಪರೂಪ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟೇ: ವಿದೇಶಾಂಗ ಸೇವೆಯ ಅಧಿಕಾರಿಗಳು ಪರೀಕ್ಷೆ ಪಾಸು ಮಾಡಿ, ಔತಣಕೂಟಗಳಲ್ಲಿ ಪಳಗಿದವರು. ಗುಂಡು ಹಾರುವ ಕಡೆ ಅವರಿಂದ ಕೆಲಸವಾಗದು. ಅಲ್ಲಿಗೆ ಸೈನ್ಯದವರನ್ನೋ ಸೇವಾಸಂಸ್ಥೆಯವರನ್ನೋ ಕಳಿಸಬೇಕು. ಇದನ್ನು ಹೇಳುತ್ತ ‘ಹೇಡಿಗಳು’ ಎಂಬ ಮಾತನ್ನು ಪುಟಪುಟಕ್ಕೂ ತಂದಿದ್ದೀರಿ. ಕಂಡಲ್ಲೆಲ್ಲ ಹೊಡೆದುಹಾಕಿದ್ದೇನೆ. 2008ರ ಜುಲೈ 7ರ ಬೆಳಿಗ್ಗೆ ಕಾಬೂಲಿನ ನಮ್ಮ ರಾಯಭಾರ ಕಚೇರಿಯ ಗೇಟಿನಲ್ಲಿ ಆತ್ಮಾಹುತಿ ಕಾರು ಸಿಡಿದಾಗ ಸತ್ತ ವಿ. ವೆಂಕಟೇಶ್ವರ ರಾವ್ ವಿದೇಶಾಂಗ ಸೇವೆಯವರು. ಜೊತೆಯಲ್ಲೇ ಸತ್ತ ಬ್ರಿಗೇಡಿಯರ್ ಆರ್.ಡಿ. ಮೆಹ್ತಾ ಸೈನ್ಯದವರು. ಬಾಂಬು ಯಾರ ಕೇಡರನ್ನೂ ಕೇಳಲಿಲ್ಲ. ಮರುವರ್ಷ ಅಕ್ಟೋಬರ್‌ನಲ್ಲಿ ಅದೇ ಕಚೇರಿಯ ಮೇಲೆ ಮತ್ತೆ ದಾಳಿಯಾಯಿತು, ಆದರೂ ಕಚೇರಿ ಮುಚ್ಚಲಿಲ್ಲ. ಧೈರ್ಯದ ಪ್ರಶ್ನೆ ಎತ್ತುವವರು ಇದನ್ನು ಬಿಟ್ಟು ಬರೆಯುವುದು ಹೇಗೆ?

ಇನ್ನೊಂದು ಕಡೆ ಅರ್ಧ ಸತ್ಯ ಹೇಳಿದ್ದೀರಿ. 2007ರಲ್ಲಿ ಅಮೆರಿಕದ ರಾಜತಾಂತ್ರಿಕರು ಇರಾಕಿಗೆ ಕಡ್ಡಾಯ ವರ್ಗಾವಣೆ ಬೇಡವೆಂದು ಸಭೆಯಲ್ಲಿ ಸಿಡಿದೆದ್ದದ್ದು ನಿಜ. ಕೆಲವೇ ವಾರಗಳಲ್ಲಿ ತಾವಾಗಿ ಮುಂದೆ ಬಂದವರಿಂದಲೇ ಆ ಹುದ್ದೆಗಳು ತುಂಬಿದವು, ಯಾರನ್ನೂ ಬಲವಂತವಾಗಿ ಕಳಿಸಬೇಕಾಗಲಿಲ್ಲ ಎನ್ನುವುದೂ ನಿಜ. ಮೊದಲರ್ಧ ಇಟ್ಟುಕೊಂಡು ಎರಡನೆಯದನ್ನು ನುಂಗಿದ್ದೀರಿ. ಗೊತ್ತಿದ್ದೂ ಬಿಟ್ಟಿರೋ, ಗೊತ್ತಿಲ್ಲದೆಯೋ, ನಾನು ಕೇಳುವುದಿಲ್ಲ. ಓದುಗರು ಕೇಳುತ್ತಾರೆ.

ನಿಜವಾದ ತೊಡಕು ‘ಕ್ಷೇತ್ರಕಾರ್ಯ’ ಎನ್ನುವಲ್ಲಿದೆ. ಸಿಕ್ಕಿಬಿದ್ದವರನ್ನು ಹೊರತರುವುದು, ಗಾಯಾಳುಗಳಿಗೆ ಔಷಧ ಮುಟ್ಟಿಸುವುದು, ರಸ್ತೆ ಹಾಕುವುದು, ಎರಡೂ ಕಡೆಯವರ ಜೊತೆ ಮಾತಾಡಿ ದಾರಿ ಬಿಡಿಸುವುದು, ಎಲ್ಲವನ್ನೂ ನೀವು ಒಂದೇ ಮೂಟೆಗೆ ತುರುಕಿದ್ದೀರಿ. ರಾಯಭಾರಿಗಳು ಇವುಗಳಲ್ಲಿ ಒಂದಕ್ಕೆ ಹೇಳಿ ಮಾಡಿಸಿದವರು, ಮತ್ತೊಂದಕ್ಕೆ ಸುತರಾಂ ಆಗದವರು.

ಸುಮಿ ಪಟ್ಟಣವನ್ನೇ ನೋಡಿ. 2022ರ ಮಾರ್ಚ್ ಮೊದಲ ವಾರ ಯುಕ್ರೇನಿನ ಆ ಊರಿನಲ್ಲಿ ನಮ್ಮ ಸುಮಾರು 700 ವಿದ್ಯಾರ್ಥಿಗಳು ಹಾಸ್ಟೆಲುಗಳಲ್ಲಿ ಸಿಕ್ಕಿಕೊಂಡಿದ್ದರು. ನಲ್ಲಿ ನಿಂತಿತ್ತು, ಕರೆಂಟ್ ಇರಲಿಲ್ಲ. ಹುಡುಗರು ಬಕೆಟ್ಟಿಗೆ ಹಿಮ ತುಂಬಿ ಕರಗಿಸಿ ನೀರು ಮಾಡಿಕೊಂಡರು. ಮಾರ್ಚ್ 7ರಂದು ಬಸ್ಸು ಹತ್ತಿದವರನ್ನು ಮತ್ತೆ ಇಳಿಸಿದರು, ಯಾಕೆಂದರೆ ದಾರಿಯಲ್ಲಿ ಗುಂಡು ನಿಲ್ಲುವ ಭರವಸೆ ಇರಲಿಲ್ಲ. ಆ ದಿನ ದೆಹಲಿಯಿಂದ ಮಾಸ್ಕೋಗೂ ಕೀವ್‌ಗೂ ಫೋನ್ ಹೋಯಿತು. ರಾಯಭಾರ ಕಚೇರಿಯ ತಂಡ ಯುಕ್ರೇನಿನದೇ ಇನ್ನೊಂದು ಊರಾದ ಪೋಲ್ಟಾವಾದಲ್ಲಿ ಕಾದಿತ್ತು. 8ರಂದು ಬಸ್ಸುಗಳು ಹೊರಟವು. ಇಲ್ಲಿ ಕಮಾಂಡೊ ಹೋಗಿದ್ದರೆ ಏನು ಮಾಡುತ್ತಿದ್ದ? ಎರಡು ಸೈನ್ಯಗಳ ನಡುವಿನ ಆ ರಸ್ತೆಯನ್ನು ತೆರೆಸಿದ್ದು ಮಾತು.

ಅದೇ ವಾರ, ಅದೇ ದೇಶದ ಹಾರ್ಕಿವ್‌ನಲ್ಲಿ ಆದದ್ದು ನಿಮ್ಮ ಪರವಾಗಿದೆ. ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವಿದ್ಯಾರ್ಥಿ ಅಲ್ಲಿ ಶೆಲ್ ದಾಳಿಗೆ ಬಲಿಯಾದ. ಮರುದಿನ ರಾಯಭಾರ ಕಚೇರಿ ‘ಕೂಡಲೇ ಊರು ಬಿಡಿ, ವಾಹನ ಸಿಗದಿದ್ದರೆ ನಡೆದೇ ಹೋಗಿ’ ಎಂದು ಸೂಚನೆ ಹೊರಡಿಸಿತು. ಹೋಗಿ ಸೇರಿ ಎಂದು ಸೂಚಿಸಿದ್ದ ಊರುಗಳಲ್ಲಿ ಒಂದಾದ ಪಿಸೋಚಿನ್ 11 ಕಿಲೋಮೀಟರ್ ದೂರ. ಮಾರ್ಚ್ 13ರ ಹೊತ್ತಿಗೆ ಕಚೇರಿಯನ್ನೇ ತಾತ್ಕಾಲಿಕವಾಗಿ ಪೋಲೆಂಡಿಗೆ ಸಾಗಿಸಬೇಕಾಯಿತು. ಇದು ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ! ಕನ್ನಡದ ಓದುಗನಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇರೆ ಯಾವುದು?

ಹಾಗೆಯೇ ಅಫ್ಘಾನಿಸ್ತಾನದ ಜರಂಜ್–ದೆಲಾರಾಮ್ ರಸ್ತೆ. ಒಪ್ಪಂದ ರಾಜತಾಂತ್ರಿಕರದ್ದು, ಡಾಂಬರು ಹಾಕಿದವರು ನಮ್ಮ ದೇಶದ ಗಡಿ ರಸ್ತೆ ಸಂಸ್ಥೆಯವರು. 2005ರಲ್ಲಿ ತಾಲಿಬಾನಿಗಳು ಅಪಹರಿಸಿ ಕೊಂದದ್ದು ಅವರ ಒಬ್ಬ ಡ್ರೈವರನ್ನು. ಬಯಲಲ್ಲಿ ನಿಂತು ಕೆಲಸ ಮಾಡುವವರು ಯಾರು ಎನ್ನುವ ನಿಮ್ಮ ಪ್ರಶ್ನೆಗೆ ಇದು ಬೈಗುಳಕ್ಕಿಂತ ಗಟ್ಟಿ ಉತ್ತರ.

ಸೇವಾಸಂಸ್ಥೆಯವರ ಬಗ್ಗೆ ನೀವು ಹೇಳಿದ್ದರಲ್ಲಿ ಹುರುಳಿದೆ, ಕಾರಣ ಮಾತ್ರ ತಪ್ಪು. ರೆಡ್‌ಕ್ರಾಸ್ ಸಮಿತಿಯವರು ಬಂಡುಕೋರರ ಊರಿಗೆ ಹೋಗಬಲ್ಲದ್ದು ಅವರು ಹೆಚ್ಚು ಗಂಡೆದೆಯವರು ಅಂತಲ್ಲ, ಯಾರ ಪಕ್ಷವೂ ಅಲ್ಲ ಅಂತ. ರಾಯಭಾರಿಯ ಕಾರಿನ ಮೇಲೆ ಒಂದು ದೇಶದ ಬಾವುಟವಿರುತ್ತದೆ. ಕೆಲವು ಬಾಗಿಲು ಅದರಿಂದಲೇ ತೆರೆಯುತ್ತವೆ, ಕೆಲವು ಅದನ್ನು ಕಂಡೇ ಮುಚ್ಚುತ್ತವೆ. 1961ರ ವಿಯೆನ್ನಾ ಒಪ್ಪಂದ ರಾಯಭಾರಿಯ ಮೈಮುಟ್ಟಬಾರದು ಎನ್ನುತ್ತದೆ ನಿಜ. ಕಾಪಾಡುವ ಹೊಣೆ ಆತಿಥೇಯ ಸರ್ಕಾರದ್ದು. ಸರ್ಕಾರವೇ ಇಲ್ಲದ ಕಡೆ?

ಲಿಬಿಯಾದ ಬೆಂಗಾಜಿಯನ್ನು ಸೇರಿಸಿಕೊಳ್ಳಿ. ಅಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಕ್ರಿಸ್ ಸ್ಟೀವನ್ಸ್ ಅರೇಬಿಕ್ ಬಲ್ಲವರು. 2011ರಲ್ಲಿ ಸರಕು ಹಡಗಿನಲ್ಲಿ ಆ ಊರಿಗೆ ಬಂದಿಳಿದವರು, ವೃತ್ತಿಯಿಂದಲೇ ರಾಜತಾಂತ್ರಿಕರು. 2012ರ ಸೆಪ್ಟೆಂಬರ್ 11ರಂದು ಅಲ್ಲೇ ಕೊಲೆಯಾದರು. ಆಮೇಲೆ ಭದ್ರತಾ ನಿಯಮಗಳು ಇನ್ನೂ ಬಿಗಿಯಾದವು, ಅಧಿಕಾರಿ ಗೋಡೆ ದಾಟಲು ಹತ್ತು ಸಹಿ ಬೇಕು ಎನ್ನುವ ಸ್ಥಿತಿ ಬಂತು. ಜೊತೆಗೆ ಕಾಬೂಲಿನಂಥ ಕಡೆ ಅಮೆರಿಕದವರ ಅವಧಿ ಬಹುಮಟ್ಟಿಗೆ ಒಂದೇ ವರ್ಷವಾಗಿತ್ತು. ಊರು, ಮುಖಂಡರು, ಮಾತು ಪರಿಚಯವಾಗುವಷ್ಟರಲ್ಲಿ ವರ್ಗ. ನನ್ನ ಮಟ್ಟಿಗೆ ನಿಮ್ಮ ಲೇಖನದ ಬೆನ್ನುಮೂಳೆ ಇದಾಗಬೇಕು: ಮನುಷ್ಯ ಲಾಯಕ್ಕಿದ್ದಾನೆ, ಇಲಾಖೆ ಅವನನ್ನು ಹೊರಗೆ ಬಿಡುವುದಿಲ್ಲ.

ಸೈನ್ಯದವರನ್ನು ಕಳಿಸಿ ಎನ್ನುವುದಾದರೆ ನಮ್ಮ ಕೊಡಗಿನ ತಿಮ್ಮಯ್ಯನವರನ್ನು ಮರೆತದ್ದೇಕೆ? 1953–54ರಲ್ಲಿ ಕೊರಿಯಾದ ಯುದ್ಧಕೈದಿಗಳನ್ನು ಊರಿಗೆ ಕಳಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ಆದರೆ ಜನರಲ್ ಪಕ್ಕದಲ್ಲಿ ವಿದೇಶಾಂಗ ಸೇವೆಯವರೂ ಕೂತಿದ್ದರು, ಅದನ್ನೂ ಬರೆಯಿರಿ.

ಯುಕ್ರೇನಿನಿಂದ ಮರಳಿದವರಲ್ಲಿ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರೂ ಇದ್ದರು. ಒಬ್ಬಿಬ್ಬರನ್ನು ಹುಡುಕಿ ಮಾತಾಡಿಸಿ. ಯಾರು ಫೋನ್ ಎತ್ತಿದರು, ಯಾರು ಎತ್ತಲಿಲ್ಲ, ಗಡಿಯಲ್ಲಿ ಯಾರು ನಿಂತಿದ್ದರು ಎಂದು ಕೇಳಿ. ಅವರು ಒಪ್ಪದಿದ್ದರೆ ಹೆಸರು ಹಾಕಬೇಡಿ. ಆಮೇಲೆ 1,200 ಪದಗಳಿಗೆ ಮೀರದಂತೆ ಬರೆದು, ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಮುಂದಿನ ತಿಂಗಳ ಹತ್ತರೊಳಗೆ ಕಳಿಸಿ. ಕೈಬರಹದ ಫೋಟೊ ಬೇಡ, ಈ ಸಲದ್ದನ್ನು ಓದುವಷ್ಟರಲ್ಲಿ ಕಣ್ಣು ಸೋತಿತು.

ಇಂತಿ,
ಸಂಪಾದಕ