ಕರಡಿಗೆ ಎಲ್ಲಿ ಹೋಯಿತು? ಕಥೆ ಕಳಿಸಿದವರಿಗೊಂದು ಉತ್ತರ

ನಮಸ್ಕಾರ ಮೇಡಂ,

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಪತ್ರದ ಕೊನೆಯವರೆಗೆ ನಿಮ್ಮನ್ನು ಕಾಯಿಸುವುದು ಬೇಡ. ಆದರೆ ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸು ಬರಲಿಲ್ಲ. ನೀವು ಹಿಡಿದಿರುವ ವಿಷಯ ಕನ್ನಡಕ್ಕೆ ಹೊಸದು. ಅದನ್ನು ಅರ್ಧಕ್ಕೇ ಬಿಟ್ಟಿದ್ದೀರಿ ಅನ್ನುವುದೇ ನನ್ನ ಸಂಕಟ.

ಕಥೆ ಇಷ್ಟು, ಅಲ್ವಾ? ದಾವಣಗೆರೆಯ ಒಂದು ಲಿಂಗಾಯತ ಕುಟುಂಬ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನೆಲೆಸಿದೆ. 19 ವರ್ಷದ ಮಗನನ್ನು ಶನಿವಾರ ರಾತ್ರಿ ಯಾರೋ ಚಾಕುವಿನಿಂದ ಇರಿದು ಕೊಲ್ಲುತ್ತಾರೆ. ಮಧ್ಯರಾತ್ರಿ ಬಾಗಿಲು ತಟ್ಟಿ ಸುದ್ದಿ ಹೇಳುವವರು ಒಬ್ಬ ಪೊಲೀಸ್ ಹೆಣ್ಣುಮಗಳು. ಅವರು ಫ್ಯಾಮಿಲಿ ಲಿಯೇಸನ್ ಆಫೀಸರ್, ಅಂದರೆ ಕೊಲೆಯಾದವರ ಮನೆಗೂ ತನಿಖೆಯ ತಂಡಕ್ಕೂ ನಡುವೆ ಇರುವವರು. ಅವರು ಅಮ್ಮನನ್ನು ತಬ್ಬಿಕೊಳ್ಳುತ್ತಾರೆ. ಮರುದಿನವೇ ಮಣ್ಣು ಮಾಡಲು ವ್ಯವಸ್ಥೆ ಮಾಡಿಸುತ್ತಾರೆ. ಹದಿನೈದು ದಿನ ಆ ಮನೆ ಬಿಟ್ಟು ಕದಲುವುದಿಲ್ಲ. ಕೊನೆಗೆ ಅಮ್ಮ ಬಡಿಸಿದ ಹೋಳಿಗೆ ತಿಂದು "ನಾನೇ ನಿಮ್ಮ ಮಗಳು" ಅನ್ನುತ್ತಾರೆ.

ಮೊದಲು ಚೆನ್ನಾಗಿರುವುದನ್ನು ಹೇಳುತ್ತೇನೆ. ಆರನೇ ಪುಟ. ಪತ್ರಿಕೆಗಳಿಗೆ ಕೊಡಲು ಮಗನ ಒಂದು ಫೋಟೋ ಬೇಕು ಅಂತ ಅಧಿಕಾರಿ ಕೇಳುತ್ತಾರೆ. ಅಮ್ಮ ಮೊಬೈಲ್ ತೆಗೆದು ಹುಡುಕುತ್ತಾಳೆ. ಒಂದರಲ್ಲಿ ಅವನು ನಾಲಿಗೆ ಚಾಚಿದ್ದಾನೆ, ಇನ್ನೊಂದರಲ್ಲಿ ಕೈ ಅಡ್ಡ ಹಿಡಿದಿದ್ದಾನೆ, ಮತ್ತೊಂದರಲ್ಲಿ ಬೆನ್ನು ಮಾತ್ರ ಕಾಣುತ್ತದೆ. ಕೊನೆಗೆ ವೀಸಾಕ್ಕೆಂದು ತೆಗೆಸಿದ್ದ ಪಾಸ್‌ಪೋರ್ಟ್ ಫೋಟೋ ಕೊಡುತ್ತಾಳೆ, "ಇದ್ರಾಗ ನಗಬ್ಯಾಡ ಅಂದಿದ್ರು" ಅನ್ನುತ್ತಾಳೆ. ಆ ಮಾತು ಓದಿ ನಾನು ಹಾಳೆ ಕೆಳಗಿಟ್ಟೆ. ಇಡೀ ಕಥೆ ಆ ಪುಟದ ಮಟ್ಟಕ್ಕೆ ಬರಬೇಕು. ಬರುತ್ತದೆ ಅನ್ನುವ ನಂಬಿಕೆ ನನಗಿದೆ.

ಉಳಿದ ಪುಟಗಳಲ್ಲಿ ನಿಮ್ಮ ಅಧಿಕಾರಿ ಮನುಷ್ಯಳಲ್ಲ, ದೇವತೆ. ಅದು ಯಾಕೆ ಹಾಗಾಯಿತು ಅಂತ ನನಗೆ ಅರ್ಥವಾಗುತ್ತದೆ. ಮೂವತ್ತು ವರ್ಷದ ಹಿಂದೆ ನಾನು ವರದಿಗಾರನಾಗಿದ್ದಾಗ ಒಂದು ಊರಿನ ಶವಾಗಾರದ ಹೊರಗೆ ನಿಂತಿದ್ದೆ. ಮರದ ಕೆಳಗೆ ಒಬ್ಬ ಅಪ್ಪ ಕೂತಿದ್ದರು. ಮಡಿಲಲ್ಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ಹೊಸ ಬಿಳಿ ಬಟ್ಟೆ. ತಂದುಕೊಡಿ ಅಂದಿದ್ದರಂತೆ. ಪೇದೆಯೊಬ್ಬರು ಬಂದು ಮಹಜರಿಗೆ ಸಹಿ ಹಾಕಿಸಿಕೊಂಡು ಒಂದು ಮಾತೂ ಆಡದೆ ಹೋದರು. ಆ ಅಪ್ಪ ನನ್ನ ಕಡೆ ತಿರುಗಿ, "ಸಾರ್, ಒಳಗ ಏನ್ ಮಾಡಾಕತ್ತಾರ?" ಅಂತ ಕೇಳಿದರು. ನನಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ನಾನು ಪೊಲೀಸನೂ ಅಲ್ಲ, ಬಂಧುವೂ ಅಲ್ಲ. ಆದರೆ ಆ ಹೊತ್ತಿಗೆ ಅವರು ಕೇಳಬಹುದಾದ ಮನುಷ್ಯ ನಾನೊಬ್ಬನೇ ಇದ್ದೆ.

ನಾವು ಇಂಥದ್ದನ್ನು ನೋಡಿ ಬೆಳೆದವರು. ಹಾಗಾಗಿ ಪೊಲೀಸರೊಬ್ಬರು ಮನೆಗೆ ಬಂದು, ಕೂತು, ಮುಂದೆ ಏನಾಗುತ್ತದೆ ಅಂತ ಬಿಡಿಸಿ ಹೇಳಿದರೆ ನಮಗೆ ಅವರು ದೇವರ ಹಾಗೆ ಕಾಣುತ್ತಾರೆ. ಇಲ್ಲಿ ಈಗ ಸ್ವಲ್ಪ ಬದಲಾವಣೆ ಇದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ಪೊಲೀಸರು ತಿಳಿಸಬೇಕು. ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಪ್ರಕರಣಗಳಲ್ಲಿ ಮಗುವಿನ ಜೊತೆಗೆ ಒಬ್ಬ ಸಹಾಯಕ ವ್ಯಕ್ತಿ ಇರಲು ನಿಯಮದಲ್ಲೇ ಅವಕಾಶವಿದೆ. ಆದರೆ ಕೊಲೆಯಾದವರ ಮನೆಗೆಂದೇ ಗೊತ್ತುಮಾಡಿದ ಅಧಿಕಾರಿ, ನಿಮ್ಮ ಕಥೆಯಲ್ಲಿರುವಂಥವರು, ನಮ್ಮ ಓದುಗರು ಕಂಡವರಲ್ಲ. ಅದಕ್ಕೇ ನೀವು ಇನ್ನೂ ಹುಷಾರಾಗಿ ಬರೆಯಬೇಕು.

ಇಂಗ್ಲೆಂಡಿನಲ್ಲೂ ಈ ವ್ಯವಸ್ಥೆ ಒಳ್ಳೆಯತನದಿಂದ ತಾನಾಗಿ ಬೆಳೆದದ್ದಲ್ಲ. ಅದು ಈಗಿನ ರೂಪಕ್ಕೆ ಬಂದದ್ದರ ಹಿಂದೆ ಒಂದು ದೊಡ್ಡ ಸೋಲಿದೆ. 1993ರ ಏಪ್ರಿಲ್ 22ರ ರಾತ್ರಿ ಲಂಡನ್ನಿನ ಎಲ್ಥಮ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದ ಸ್ಟೀಫನ್ ಲಾರೆನ್ಸ್ ಎಂಬ 18 ವರ್ಷದ ಕಪ್ಪು ಹುಡುಗನನ್ನು ಬಿಳಿಯ ಹುಡುಗರ ಗುಂಪೊಂದು ಇರಿದು ಕೊಂದಿತು. ಪೊಲೀಸರು ಆ ಮನೆಗೂ ಅಧಿಕಾರಿಗಳನ್ನು ಕಳಿಸಿದ್ದರು. ಆದರೆ ತನಿಖೆ ಎಲ್ಲಿಗೆ ಬಂತು ಅಂತ ಹೇಳುವುದಕ್ಕಿಂತ, ಮನೆಗೆ ಯಾರು ಬಂದು ಹೋಗುತ್ತಾರೆ ಅಂತ ಕೇಳುವುದೇ ಜಾಸ್ತಿಯಾಗಿತ್ತು ಎಂದು ತಂದೆ ತಾಯಿ ನೊಂದುಕೊಂಡರು. ತಾಯಿ ಡೊರೀನ್ ಲಾರೆನ್ಸ್ ಶಂಕಿತರ ಹೆಸರು ಬರೆದ ಒಂದು ಚೀಟಿಯನ್ನು ಹಿರಿಯ ಅಧಿಕಾರಿಯೊಬ್ಬರ ಕೈಗೆ ಕೊಟ್ಟರು. ಮಾತಾಡುತ್ತಾ ಮಾತಾಡುತ್ತಾ ಆ ಅಧಿಕಾರಿ ಚೀಟಿಯನ್ನು ಮಡಚಿ ಮಡಚಿ ಸಣ್ಣದು ಮಾಡಿದ್ದನ್ನು ಆ ತಾಯಿ ನೋಡುತ್ತಾ ಕೂತಿದ್ದರು. 1999ರಲ್ಲಿ ಈ ಪ್ರಕರಣದ ಬಗ್ಗೆ ಮ್ಯಾಕ್‌ಫರ್ಸನ್ ವಿಚಾರಣಾ ವರದಿ ಬಂತು. ಅದರ 70 ಶಿಫಾರಸುಗಳಲ್ಲಿ ಕೆಲವು ಈ ಕೆಲಸದ ಬಗ್ಗೆಯೇ ಇವೆ. ತರಬೇತಿ ಪಡೆದ ಲಿಯೇಸನ್ ಅಧಿಕಾರಿಗಳು ಪ್ರತಿ ಕಡೆಯೂ ಸಿಗಬೇಕು, ಬೇರೆ ಬೇರೆ ಸಂಸ್ಕೃತಿಗಳ ಬಗ್ಗೆ ಅವರಿಗೆ ತಿಳಿವಳಿಕೆ ಇರಬೇಕು, ಅಗತ್ಯವಿದ್ದಲ್ಲಿ ಅದೇ ಅವರ ಮುಖ್ಯ ಕೆಲಸವಾಗಿರಬೇಕು ಅಂತ. ಸ್ಟೀಫನ್‌ನ ಕೊಲೆಗೆ ಇಬ್ಬರಿಗೆ ಶಿಕ್ಷೆಯಾಗಲು 2012 ಬರಬೇಕಾಯಿತು.

ಆ ಮಡಚಿದ ಚೀಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮ್ಮ ಅಧಿಕಾರಿಯನ್ನು ಮತ್ತೆ ನೋಡಿ. ಅವಳ ಕೈ ಏನು ಮಾಡುತ್ತಿದೆ? ನಿಮ್ಮ ಕಥೆಯಲ್ಲಿ ಅದು ಬರೀ ಅಮ್ಮನ ಕೈ ಹಿಡಿದಿದೆ. ನಿಜವಾಗಿ ಆ ಕೈಯಲ್ಲಿ ಪೆನ್ನು ಇರುತ್ತದೆ.

ನೀವು ಬಿಟ್ಟದ್ದು ಇದನ್ನೇ. ಲಿಯೇಸನ್ ಅಧಿಕಾರಿ ಮೊದಲು ತನಿಖಾಧಿಕಾರಿ. ಕೊಲೆ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಪತ್ತೇದಾರರೇ ಈ ಕೆಲಸ ಮಾಡುತ್ತಾರೆ, ರಸ್ತೆ ಅಪಘಾತದ ಸಾವುಗಳಲ್ಲಿ ಸಂಚಾರ ಪೊಲೀಸರು. ಸತ್ತವನು ಹೇಗಿದ್ದ, ಯಾರ ಜೊತೆ ಓಡಾಡುತ್ತಿದ್ದ, ಯಾರಿಗಾದರೂ ಹೆದರುತ್ತಿದ್ದನಾ, ಇದನ್ನೆಲ್ಲ ಮನೆಯವರಿಂದ ತಿಳಿಯುವುದು ಅವರ ಕೆಲಸ. ಪ್ರತಿ ಭೇಟಿ, ಪ್ರತಿ ಫೋನು, ಸಮಯದ ಸಮೇತ ದಾಖಲೆ ಪುಸ್ತಕಕ್ಕೆ ಹೋಗುತ್ತದೆ. ನಾಳೆ ಅದು ಕೋರ್ಟಿನಲ್ಲಿ ಬೇಕಾಗಬಹುದು. "ಇದನ್ನ ಯಾರಿಗೂ ಹೇಳಬೇಡಮ್ಮಾ" ಅಂತ ತಾಯಿ ಹೇಳಿದರೆ "ಹೇಳಲ್ಲ" ಅಂತ ಮಾತು ಕೊಡುವ ಹಾಗಿಲ್ಲ. ಕೊಂದವರು ಮನೆಯವರೋ ಪರಿಚಯದವರೋ ಆಗಿರುವುದು ಅಪರೂಪವಲ್ಲ. ಹಾಗಾಗಿ ಎದುರಿಗೆ ಅಳುತ್ತಾ ಕೂತವರ ಮೇಲೂ ಅವರ ಕಣ್ಣಿರಬೇಕು. ಕಣ್ಣೀರು ಒರೆಸುವುದಕ್ಕೆ ಬೇರೆ ಜನ ಇದ್ದಾರೆ. 2010ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಿಕ್ಟಿಮ್ ಸಪೋರ್ಟ್ ಸಂಸ್ಥೆ ಕೊಲೆಯಾದವರ ಕುಟುಂಬಗಳಿಗೆಂದೇ ಒಂದು ಸೇವೆ ನಡೆಸುತ್ತಿದೆ.

ಹೀಗೆ ಅಂದರೆ ಅವರಿಗೆ ಕರುಣೆ ಇಲ್ಲ ಅಂತಲ್ಲ. ಕರುಣೆ ಇದ್ದೂ ಬರೆದುಕೊಳ್ಳಬೇಕು, ಅದೇ ಕಷ್ಟ. ಒಂದು ದೃಶ್ಯ ಯೋಚಿಸಿ. ಬೆಳಗ್ಗೆ ಅಮ್ಮ ಮಗನ ರೂಮಿಗೆ ಹೋಗಿ ಅವನ ಮಾಸಿದ ಬಟ್ಟೆಯನ್ನೆಲ್ಲ ಬಕೆಟ್ಟಿಗೆ ಹಾಕಿಕೊಂಡು ಬರುತ್ತಾಳೆ. ಒಗೆಯಬೇಕು, ಅಷ್ಟೇ, ಇನ್ನೇನು ಮಾಡಲೂ ಅವಳಿಗೆ ತೋಚುತ್ತಿಲ್ಲ. ಅಧಿಕಾರಿ ಎದ್ದು "ದಯವಿಟ್ಟು ಒಗೆಯಬೇಡಿ" ಅನ್ನಬೇಕು. ಬಕೆಟ್ಟು ಅವಳ ಕೈಯಿಂದ ತಗೊಳ್ಳಬೇಕು. ಈ ದೃಶ್ಯದ ಮುಂದೆ ನಿಮ್ಮ ತಬ್ಬುವ ದೃಶ್ಯ ನಿಲ್ಲುತ್ತದಾ?

ಇನ್ನು ಆ ಹದಿನೈದು ದಿನದ ವಿಷಯ. ಒಬ್ಬಳೇ ಅಧಿಕಾರಿ ಹಗಲೂ ರಾತ್ರಿ ಒಂದೇ ಮನೆಯಲ್ಲಿ ಇರುವುದಿಲ್ಲ. ಮೊದಲ ಸುದ್ದಿ ತರುವವರು ಹೆಚ್ಚಾಗಿ ಯೂನಿಫಾರ್ಮಿನ ಪೊಲೀಸರು. ಲಿಯೇಸನ್ ಅಧಿಕಾರಿಗಳು ಆಮೇಲೆ ಬರುತ್ತಾರೆ, ಅದೂ ಸಾಧ್ಯವಾದಷ್ಟೂ ಇಬ್ಬರು. ಈ ಕೆಲಸಕ್ಕೆ ಅವರು ಸ್ವಂತ ಇಷ್ಟದಿಂದ ಬಂದವರು, ವಿಶೇಷ ತರಬೇತಿ ಪಡೆದವರು. ಆದರೆ ಹೆಚ್ಚಿನವರಿಗೆ ಇದು ತಮ್ಮ ದಿನನಿತ್ಯದ ಡ್ಯೂಟಿಯ ಜೊತೆಗಿನ ಕೆಲಸ. ಠಾಣೆಯಲ್ಲಿ ಬೇರೆ ಕಳವು, ಬೇರೆ ಹಲ್ಲೆಯ ಫೈಲುಗಳು ಕಾದಿರುತ್ತವೆ. ಅದೇ ಮುಖ್ಯ ಕೆಲಸವಾಗಿರಬೇಕು ಎಂದ 1999ರ ಶಿಫಾರಸಿಗೂ ಇದಕ್ಕೂ ನಡುವೆ ಇರುವ ಸಂದಿನಲ್ಲೇ ನಿಮ್ಮ ಕಥೆ ಇದೆ. ಅಮ್ಮ ಫೋನ್ ಮಾಡುತ್ತಾಳೆ. ಅವತ್ತು ಅಧಿಕಾರಿಗೆ ರಜೆ. ಎರಡನೆಯವರು ಎತ್ತುತ್ತಾರೆ. ಅವರಿಗೆ ಮತ್ತೆ ಮೊದಲಿಂದ ಹೇಳಬೇಕಾ ಅಂತ ಅಮ್ಮ ಒಂದು ಕ್ಷಣ ಸುಮ್ಮನಾಗುತ್ತಾಳೆ. ಒಂದು ಕೇಸು ಕೋರ್ಟಿನಲ್ಲಿ ಮುಗಿಯಲು ವರ್ಷ ಹಿಡಿಯಬಹುದು, ಜಾಸ್ತಿಯೂ ಆಗಬಹುದು. ಅಲ್ಲಿಯವರೆಗೂ ಒಂದು ಮನೆಯ ದುಃಖವನ್ನು ಹೊತ್ತು ತಿರುಗಿ ಸಂಜೆ ತನ್ನ ಮಕ್ಕಳಿಗೆ ಊಟ ಬಡಿಸುವವಳು ಆ ಅಧಿಕಾರಿ. ಅವಳಿಗೂ ಮೇಲಿನಿಂದ ಯಾರಾದರೂ "ನೀನು ಹೇಗಿದ್ದೀಯ" ಅಂತ ಕೇಳಬೇಕು, ಇನ್ನು ಸಾಕು ಅನ್ನಿಸಿದಾಗ ಬಿಡಿಸಬೇಕು. ಕುಟುಂಬದಿಂದ ಹಂತ ಹಂತವಾಗಿ ಹಿಂದೆ ಸರಿಯುವುದು ಹೇಗೆ ಅಂತ ಶುರುವಿನಲ್ಲೇ ಯೋಚಿಸಿರುತ್ತಾರೆ. "ನಾನೇ ನಿಮ್ಮ ಮಗಳು" ಅಂದುಬಿಟ್ಟರೆ ಒಂದು ದಿನ ಆ ಮನೆಗೆ ಹೋಗುವುದನ್ನು ನಿಲ್ಲಿಸುವುದು ಹೇಗೆ? ಆ ತಾಯಿ ಎರಡನೇ ಸಲ ಮಗುವನ್ನು ಕಳಕೊಂಡ ಹಾಗಾಗುವುದಿಲ್ಲವಾ?

ಭಾಷೆಯ ಒಂದು ವಿಷಯ. ನಿಮ್ಮ ಕಥೆಯಲ್ಲಿ 15 ವರ್ಷದ ತಂಗಿ ಅಧಿಕಾರಿಯ ಇಂಗ್ಲಿಷನ್ನು ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಾಳೆ, "ಮರಣೋತ್ತರ ಪರೀಕ್ಷೆ" ಅಂತ. ಯಾವ ಮಗು ಮನೆಯಲ್ಲಿ ಹಾಗೆ ಮಾತಾಡುತ್ತದೆ? ಅಜ್ಜಿಗೆ ಗೊತ್ತಿರುವ ಮಾತು "ಕೊಯ್ತಾರೆ". ಅದನ್ನು ಆ ಮಗು ತನ್ನ ಅಣ್ಣನ ಬಗ್ಗೆ ಹೇಳಬೇಕು. ಅದಕ್ಕೇ ಮನೆಯವರನ್ನು, ಅದರಲ್ಲೂ ಮಕ್ಕಳನ್ನು, ದುಭಾಷಿ ಮಾಡಬಾರದು ಅನ್ನುತ್ತಾರೆ. ಹೊರಗಿನ ದುಭಾಷಿಯನ್ನು ಕರೆಸಿ. ಅವರು ಕಳೆದ ಯುಗಾದಿಯಲ್ಲಿ ಇವರ ಪಕ್ಕದಲ್ಲೇ ಕೂತು ಊಟ ಮಾಡಿದ ಕನ್ನಡದವರೇ ಆಗಿದ್ದರೆ? ಇನ್ನೊಂದು. ಅಲ್ಲಿನ ಪೊಲೀಸರಿಗೆ ಸಾವಿನ ಸುದ್ದಿಯನ್ನು ಸುತ್ತಿ ಬಳಸಿ ಹೇಳಬೇಡಿ ಅಂತ ಕಲಿಸುತ್ತಾರೆ, ಕೇಳಿದವರಿಗೆ ತಪ್ಪು ಆಸೆ ಉಳಿಯಬಾರದು ಅಂತ. ನಮಗೆ ಆ ಮಾತು ನಾಲಿಗೆಗೆ ಬರುವುದಿಲ್ಲ. "ಹೋಗ್ಬಿಟ್ಟ" ಅಂತೀವಿ, "ತೀರ್ಕೊಂಡ" ಅಂತೀವಿ. "ಹೋದ" ಅಂದರೆ ಅಜ್ಜಿ "ಎಲ್ಲಿಗೆ?" ಅಂತ ಕೇಳಬಹುದು. ಆ ದುಭಾಷಿ ಯಾವ ಪದ ಆರಿಸುತ್ತಾರೆ? ನೀವು ಆರಿಸಬೇಕು.

ಮತ್ತೆ, ಮರುದಿನವೇ ಮಣ್ಣು ಮಾಡಿಸುವುದು ಆಗದ ಮಾತು. ಇಂಥ ಸಾವಿನಲ್ಲಿ ದೇಹ ಕೊರೋನರ್, ಅಂದರೆ ಸಾವಿನ ಕಾರಣ ವಿಚಾರಿಸುವ ಅಧಿಕಾರಿಯ ವಶದಲ್ಲಿರುತ್ತದೆ. ಆರೋಪಿಯ ವಕೀಲರು ಎರಡನೇ ಪೋಸ್ಟ್‌ಮಾರ್ಟಂ ಕೇಳಬಹುದು. ವಾರಗಳೇ ಹಿಡಿಯಬಹುದು. "ಯಾವಾಗ ಕೊಡ್ತೀರಿ?" ಅಂತ ಅಪ್ಪ ದಿನಾ ಕೇಳುತ್ತಾನೆ. ದಿನಾ ಅದೇ ಉತ್ತರ. ಅದನ್ನು ಹೇಳಲು ಬರುವವಳು ನಿಮ್ಮ ಅಧಿಕಾರಿ.

ಈಗ ನನ್ನನ್ನು ನಿದ್ದೆಗೆಡಿಸಿದ ವಿಷಯಕ್ಕೆ ಬರುತ್ತೇನೆ. ಮೊದಲ ಪುಟದಲ್ಲಿ ನೀವೇ ಬರೆದಿದ್ದೀರಿ: ಆ ಹುಡುಗ ಕೊರಳಲ್ಲಿ ಅಜ್ಜ ಕೊಟ್ಟ, ಲಿಂಗ ಇಡುವ ಬೆಳ್ಳಿಯ ಕರಡಿಗೆ ಹಾಕಿಕೊಂಡೇ ಮನೆಯಿಂದ ಹೊರಟ. ಆಮೇಲೆ ಇಡೀ ಕಥೆಯಲ್ಲಿ ಆ ಕರಡಿಗೆಯ ಸುಳಿವೇ ಇಲ್ಲ. ಅದು ಎಲ್ಲಿ ಹೋಯಿತು? ನಾನು ಹೇಳಲಾ? ಮೈಮೇಲಿದ್ದದ್ದೆಲ್ಲ ಸಾಕ್ಷ್ಯ. ಅದನ್ನು ಬಿಚ್ಚಿ, ಚೀಲಕ್ಕೆ ಹಾಕಿ, ಸೀಲ್ ಮಾಡಿ, ಮೇಲೆ ನಂಬರ್ ಬರೆದು ಎಲ್ಲೋ ಇಟ್ಟಿರುತ್ತಾರೆ. ಒಳಗೆ ಇಷ್ಟಲಿಂಗ ಇದೆ. ಅದು ಒಡವೆಯಲ್ಲ. ನಾಳೆ ಮಗನನ್ನು ಕೂರಿಸಿ ಮಣ್ಣು ಮಾಡುವಾಗ ಅವನ ಎಡಗೈಯಲ್ಲಿ ಅದು ಇರಬೇಕು. ಇದನ್ನು ಆ ಅಧಿಕಾರಿಗೆ ಯಾರು ಹೇಳುತ್ತಾರೆ? ಅಥವಾ, ಅವಳು ಒಳ್ಳೆಯ ಅಧಿಕಾರಿಯಾಗಿದ್ದರೆ, "ನಿಮ್ಮಲ್ಲಿ ಹೇಗೆ ಮಾಡುತ್ತೀರಿ, ನಾವು ಏನನ್ನು ಮುಟ್ಟಬಾರದು" ಅಂತ ಅವಳೇ ಮೊದಲು ಕೇಳುತ್ತಾಳಾ? ಕೇಳಿ, ಕೇಸು ಮುಗಿಯುವವರೆಗೆ ಕೊಡಲು ಆಗುವುದಿಲ್ಲ ಅನ್ನಬೇಕಾಗಿ ಬಂದರೆ? ಅಥವಾ ಮೇಲಿನವರ ಹತ್ತಿರ ಹೋಗಿ ವಾದ ಮಾಡಿ ಬಿಡಿಸಿಕೊಂಡು ಬರುತ್ತಾಳಾ? ಎರಡೂ ಆಗಬಹುದು. ಯಾವುದು ಅನ್ನುವುದು ನಿಮಗೆ ಬಿಟ್ಟದ್ದು.

ಹೋಳಿಗೆಯ ದೃಶ್ಯ ತೆಗೆದುಹಾಕಿ. ಆರನೇ ಪುಟದ ಒಂದು ಅಕ್ಷರವನ್ನೂ ಮುಟ್ಟಬೇಡಿ. ಅಮ್ಮ ಕರಡಿಗೆ ಕೇಳುವ ದೃಶ್ಯವನ್ನು ಮೊದಲು ಬರೆಯಿರಿ, ಉಳಿದದ್ದನ್ನು ಅದರ ಸುತ್ತ ಕಟ್ಟಿ. ಉದ್ದದ ಬಗ್ಗೆ ಯೋಚನೆ ಬೇಡ, ಜಾಗ ನಾನು ಮಾಡುತ್ತೇನೆ. ನಿಮ್ಮ ಹಸ್ತಪ್ರತಿಯನ್ನು ಪೆನ್ಸಿಲ್ ಗುರುತುಗಳ ಜೊತೆ ಇದರೊಂದಿಗೇ ಕಳಿಸುತ್ತಿದ್ದೇನೆ. ಮೊದಲ ಪುಟದಲ್ಲಿ "ಕರಡಿಗೆ" ಅನ್ನುವ ಪದದ ಸುತ್ತ ಒಂದು ಗೆರೆ ಎಳೆದಿದ್ದೇನೆ, ನೋಡಿ.